ಸರ್ವರ್‌ನ ಟಪಾಲು ಸೆಕ್ಷನ್: ರಿಕ್ವೆಸ್ಟ್, ರೆಸ್ಪಾನ್ಸ್ ಲಾಗ್ ಮಾಡುವುದರ ಒಳಹೊರಗು

ತಾಲ್ಲೂಕು ಕಚೇರಿಗೆ ಅರ್ಜಿ ಹಿಡಿದು ಹೋದವರಿಗೆಲ್ಲ ಗೊತ್ತಿರುವ ಮಾತು: "ಮೊದಲು ಟಪಾಲು ಸೆಕ್ಷನ್‌ನಲ್ಲಿ ಕೊಟ್ಟು ಇನ್‌ವರ್ಡ್ ನಂಬರ್ ಹಾಕಿಸ್ಕೊಂಡು ಬನ್ನಿ." ಅಲ್ಲಿ ಕೂತಿರುವ ಗುಮಾಸ್ತರು ಅರ್ಜಿಯನ್ನು ಪೂರ್ತಿ ಓದುವುದಿಲ್ಲ. ದಪ್ಪ ರಿಜಿಸ್ಟರ್‌ನಲ್ಲಿ ಒಂದು ಸಾಲು ಬರೆಯುತ್ತಾರೆ. ತಾರೀಖು, ಯಾರಿಂದ ಬಂತು, ಏನು ವಿಷಯ, ಯಾವ ಸೆಕ್ಷನ್‌ಗೆ ಹೋಯಿತು, ಅಷ್ಟೇ. ಅರ್ಜಿಯ ಮೂಲೆಗೆ ಸೀಲು ಹೊಡೆದು ನಂಬರ್ ಹಾಕುತ್ತಾರೆ. ಮೂರು ತಿಂಗಳಾದ ಮೇಲೆ "ನನ್ನ ಫೈಲು ಎಲ್ಲಿದೆ ಸರ್" ಎಂದು ಕೇಳಲು ಹೋದರೆ ನಿಮ್ಮ ಕೈಯಲ್ಲಿರುವುದು ಆ ನಂಬರ್ ಒಂದೇ.

ವೆಬ್ ಸರ್ವರ್‌ನಲ್ಲೂ ಇಂಥದೇ ಒಂದು ರಿಜಿಸ್ಟರ್ ಇದೆ. ಅದರ ಹೆಸರು ಆಕ್ಸೆಸ್ ಲಾಗ್. ನಿಮ್ಮ ಮೊಬೈಲಿನ ಆ್ಯಪ್ ಸರ್ವರ್‌ಗೆ ಏನಾದರೂ ಕೇಳಿದರೆ ಅದು ರಿಕ್ವೆಸ್ಟ್. ಸರ್ವರ್ ಕೊಟ್ಟ ಉತ್ತರ ರೆಸ್ಪಾನ್ಸ್. ಎರಡಕ್ಕೂ ಹೊರಗೊಂದು ಲಕೋಟೆ, ಒಳಗೊಂದು ಪತ್ರ ಇರುತ್ತದೆ. ವಿಳಾಸ ಮತ್ತು ಹೆಡರ್‌ಗಳು ಲಕೋಟೆಯ ಮೇಲೆ. ವಿಷಯ ಒಳಗೆ, ಬಾಡಿಯಲ್ಲಿ. ಲಕೋಟೆಯ ಮೇಲಿರುವುದನ್ನು ಬರೆದಿಡುವುದು ಸುಲಭ. ಒಳಗಿನ ಪತ್ರವನ್ನೂ ನಕಲು ಮಾಡಿಡಲು ಹೊರಟಾಗ ತಲೆನೋವು ಶುರುವಾಗುತ್ತದೆ. ಹೊಸದಾಗಿ ಬ್ಯಾಕೆಂಡ್, ಅಂದರೆ ಸರ್ವರ್ ಕಡೆಯ ಕೆಲಸಕ್ಕೆ ಸೇರಿದವರು "ಬರೋದು ಹೋಗೋದು ಎಲ್ಲಾ ಲಾಗ್ ಮಾಡಿಬಿಡೋಣ" ಎನ್ನುವುದುಂಟು. ನಾನೂ ಒಂದು ಕಾಲದಲ್ಲಿ ಹಾಗೆ ಅಂದವನೇ.

ಒಂದು ಸಾಲಿನಲ್ಲಿ ಏನಿರುತ್ತದೆ

1990ರ ದಶಕದ ಶುರುವಿನಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಎನ್‌ಸಿಎಸ್‌ಎ ಕೇಂದ್ರದಲ್ಲಿ ಒಂದು ವೆಬ್ ಸರ್ವರ್ ತಯಾರಾಯಿತು. ಅದು ಬರೆಯುತ್ತಿದ್ದ ಲಾಗ್ ಸಾಲಿನ ಮಾದರಿಗೆ ಕಾಮನ್ ಲಾಗ್ ಫಾರ್ಮ್ಯಾಟ್ ಎಂದು ಹೆಸರು. 1995ರಲ್ಲಿ ಅದೇ ಕೋಡ್‌ನಿಂದ ಹುಟ್ಟಿದ ಅಪಾಚೆ ಸರ್ವರ್ ಈ ಮಾದರಿಯನ್ನು ಮುಂದುವರಿಸಿತು. 2004ರಲ್ಲಿ ಹೊರಬಂದ ಎಂಜಿನ್‌ಎಕ್ಸ್ ಕೂಡ ಹೆಚ್ಚುಕಡಿಮೆ ಅದನ್ನೇ ಬರೆಯುತ್ತದೆ. ಮೂವತ್ತು ವರ್ಷದ ಹಿಂದಿನ ಪದ್ಧತಿ ಇವತ್ತಿಗೂ ಓಡುತ್ತಿದೆ.

ಸಾಲಿನ ಮೊದಲಿಗೆ ಕೇಳಿದವರ ಐಪಿ ವಿಳಾಸ. ಆಮೇಲೆ ಒಂದು ಸಣ್ಣ ಗೀಟು. ಈ ಗೀಟು ಯಾಕೆ ಅಂತ ತುಂಬಾ ಜನ ಕೇಳುತ್ತಾರೆ. ಆಗಿನ ಕಾಲದಲ್ಲಿ ಐಡೆಂಟ್ ಎಂಬ ಪದ್ಧತಿ ಇತ್ತು. ಆಚೆ ಕಡೆಯ ಕಂಪ್ಯೂಟರ್‌ನಲ್ಲಿ ಯಾರು ಲಾಗಿನ್ ಆಗಿದ್ದಾರೆ ಎಂದು ಆ ಕಂಪ್ಯೂಟರನ್ನೇ ವಿಚಾರಿಸಿ, ಉತ್ತರವನ್ನು ಈ ಜಾಗದಲ್ಲಿ ಬರೆಯುತ್ತಿದ್ದರು. ಈಗ ಯಾರೂ ವಿಚಾರಿಸುವುದಿಲ್ಲ. ಮನೆ ಖಾಲಿ ಮಾಡಿದವರ ಹೆಸರಿನ ಫಲಕ ಗೇಟಿನಲ್ಲಿ ಉಳಿದ ಹಾಗೆ ಗೀಟು ಉಳಿದಿದೆ. ಅದರ ಪಕ್ಕ ಬಳಕೆದಾರರ ಹೆಸರು, ಸಮಯ, ಕೇಳಿದ ವಿಳಾಸ, ಕೆಲಸ ಏನಾಯಿತು ಎಂದು ಹೇಳುವ ಮೂರಂಕಿಯ ಸ್ಟೇಟಸ್ ಕೋಡ್, ಎಷ್ಟು ಬೈಟ್ ಕಳಿಸಿದೆವು ಎಂಬ ಲೆಕ್ಕ. ಆಮೇಲೆ ಬಂದ ಕಂಬೈನ್ಡ್ ಮಾದರಿಯಲ್ಲಿ ಇನ್ನೆರಡು ಸೇರಿದವು. ಒಂದು, ಯಾವ ಪುಟದಿಂದ ಬಂದರು ಎನ್ನುವ ರೆಫರರ್. ಇನ್ನೊಂದು, ಯಾವ ಬ್ರೌಸರ್ ಎಂದು ಹೇಳುವ ಯೂಸರ್ ಏಜೆಂಟ್. ರೆಫರರ್ ಹೆಡರ್‌ನ ಇಂಗ್ಲಿಷ್ ಕಾಗುಣಿತವೇ ತಪ್ಪು. ನಡುವೆ ಎರಡು 'ಆರ್' ಇರಬೇಕಾದ ಕಡೆ ಒಂದೇ ಇದೆ. ಬ್ರೌಸರ್ ಮತ್ತು ಸರ್ವರ್ ಮಾತಾಡುವ ನಿಯಮಗಳಾದ ಎಚ್‌ಟಿಟಿಪಿಯ 1996ರ 1.0 ದಾಖಲೆಯಲ್ಲಿ ಅದು ಹಾಗೇ ಸೇರಿಹೋಯಿತು. ಈಗ ತಿದ್ದಿದರೆ ಜಗತ್ತಿನ ಅರ್ಧ ಸಾಫ್ಟ್‌ವೇರ್ ಕೆಡುತ್ತದೆ, ಅದಕ್ಕೇ ಯಾರೂ ಮುಟ್ಟುವುದಿಲ್ಲ.

ಐಪಿ ವಿಳಾಸವನ್ನು ಕಣ್ಣುಮುಚ್ಚಿ ನಂಬಬೇಡಿ. ಈಗಿನ ಬಹುಪಾಲು ಸರ್ವರ್‌ಗಳ ಮುಂದೆ ಬಂದ ರಿಕ್ವೆಸ್ಟ್‌ಗಳನ್ನು ಹಲವು ಸರ್ವರ್‌ಗಳಿಗೆ ಹಂಚುವ ಒಂದು ಲೋಡ್ ಬ್ಯಾಲೆನ್ಸರ್ ನಿಂತಿರುತ್ತದೆ. ಹಾಗಾಗಿ ಎಲ್ಲಾ ಸಾಲಿನಲ್ಲೂ ಅದರ ವಿಳಾಸವೇ ಕಾಣುತ್ತದೆ. ನಿಜವಾದ ವಿಳಾಸವನ್ನು ಅದು ಎಕ್ಸ್-ಫಾರ್ವರ್ಡೆಡ್-ಫಾರ್ ಎಂಬ ಹೆಡರ್‌ನಲ್ಲಿ ಹಾಕಿ ಕಳಿಸುತ್ತದೆ. ಆದರೆ ಆ ಹೆಡರನ್ನು ಯಾರು ಬೇಕಾದರೂ ಬರೆದು ಕಳಿಸಬಹುದು. ನಮ್ಮದೇ ಬ್ಯಾಲೆನ್ಸರ್ ಸೇರಿಸಿದ ಭಾಗವನ್ನು ಮಾತ್ರ ನಂಬಬೇಕು.

ಇನ್ನೊಂದು ಸೂಕ್ಷ್ಮ ಇದೆ. ಆಕ್ಸೆಸ್ ಲಾಗ್‌ನ ಸಾಲು ಬೀಳುವುದು ಕೆಲಸ ಮುಗಿದ ಮೇಲೆ. ಸ್ಟೇಟಸ್ ಮತ್ತು ಬೈಟ್ ಲೆಕ್ಕ ಗೊತ್ತಾಗುವುದೇ ಆಗ, ಅಲ್ವಾ? ಹಾಗಾಗಿ ನಡುವೆ ಸಿಕ್ಕಿಕೊಂಡು ನಿಂತ ರಿಕ್ವೆಸ್ಟ್ ಲಾಗ್‌ನಲ್ಲಿ ಇರುವುದೇ ಇಲ್ಲ. ಪ್ರೋಗ್ರಾಂ ಸತ್ತುಬಿದ್ದರೆ, ಅದನ್ನು ಬೀಳಿಸಿದ ರಿಕ್ವೆಸ್ಟ್‌ನ ಸಾಲೇ ನಾಪತ್ತೆ. ಜೊತೆಗೆ ಅಪಾಚೆ ಬರೆಯುವುದು ರಿಕ್ವೆಸ್ಟ್ ಬಂದ ಸಮಯ, ಎಂಜಿನ್‌ಎಕ್ಸ್ ಬರೆಯುವುದು ಸಾಲು ಬರೆದ ಸಮಯ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವವರು ಇದು ಗೊತ್ತಿಲ್ಲದೆ ಗಂಟೆಗಟ್ಟಲೆ ಗೊಂದಲ ಪಡುತ್ತಾರೆ. ಅದಕ್ಕಾಗಿ ಮುಖ್ಯವಾದ ಕೆಲಸಗಳಿಗೆ ಅಪ್ಲಿಕೇಶನ್ ಒಳಗಿಂದಲೇ "ಬಂತು" ಎಂದು ಒಂದು ಸಾಲು, "ಮುಗಿಯಿತು" ಎಂದು ಇನ್ನೊಂದು ಸಾಲು ಬರೆಯುವುದು ಒಳ್ಳೆಯದು. ಬಂದಿದೆ, ಮುಗಿದಿಲ್ಲ ಎನ್ನುವುದೇ ದೊಡ್ಡ ಸುಳಿವು.

ಎಷ್ಟು ಹೊತ್ತು ಹಿಡಿಯಿತು ಎನ್ನುವುದು ಎಂಜಿನ್‌ಎಕ್ಸ್‌ನ ಕಂಬೈನ್ಡ್ ಮಾದರಿಯಲ್ಲಿ ಇಲ್ಲ. ನಾವೇ ಸೇರಿಸಬೇಕು. ಎರಡು ಲೆಕ್ಕ ಬೇಕು: ಒಟ್ಟು ಹಿಡಿದ ಸಮಯ, ಎಂಜಿನ್‌ಎಕ್ಸ್‌ನ ಬೆನ್ನಿಗೆ ನಿಂತ ನಮ್ಮ ಅಪ್ಲಿಕೇಶನ್ ತೆಗೆದುಕೊಂಡ ಸಮಯ. ಒಟ್ಟು ಎಂಟು ಸೆಕೆಂಡು, ಅಪ್ಲಿಕೇಶನ್ ಸೊನ್ನೆ ಪಾಯಿಂಟ್ ಎರಡು ಸೆಕೆಂಡು ಎಂದು ಇದ್ದರೆ ತಪ್ಪು ನಿಮ್ಮ ಕೋಡ್‌ನದಲ್ಲ. ಆಚೆ ಯಾರೋ ಬಸ್ಸಿನಲ್ಲಿ ಕೂತು, ನೆಟ್‌ವರ್ಕ್ ಇಲ್ಲದ ಘಾಟಿಯಲ್ಲಿ ಪುಟ ತೆರೆಯುತ್ತಿದ್ದಾರೆ. ಅವರು ಬೇಸತ್ತು ಮುಚ್ಚಿದರೆ ಎಂಜಿನ್‌ಎಕ್ಸ್ 499 ಎಂದು ಬರೆಯುತ್ತದೆ. ಎಚ್‌ಟಿಟಿಪಿ ಪಟ್ಟಿಯಲ್ಲಿ ಈ ನಂಬರ್ ಇಲ್ಲ, ಅದು ಎಂಜಿನ್‌ಎಕ್ಸ್‌ನ ಸ್ವಂತದ್ದು.

ನಲ್ಲಿ ನೀರು ಒಮ್ಮೆ ಮಾತ್ರ

ಈಗ ಒಳಗಿನ ಪತ್ರದ ವಿಷಯ. ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ ಗ್ರಾಹಕರ ಫೋನ್ ಬರುತ್ತಿತ್ತು: "ದುಡ್ಡು ಕಟ್ ಆಗಿದೆ, ಬುಕಿಂಗ್ ಆಗಿಲ್ಲ." ಲಾಗ್ ತೆಗೆದರೆ ಎಲ್ಲಾ ಸಾಲಿನಲ್ಲೂ 200, ಅಂದರೆ ಎಲ್ಲಾ ಸರಿ. ಆಮೇಲೆ ತಿಳಿಯಿತು. ನಮ್ಮ ಕೋಡ್ ಲಕೋಟೆಯ ಮೇಲೆ 200 ಎಂದು ಬರೆದು, ಒಳಗೆ "ಬುಕಿಂಗ್ ವಿಫಲ" ಎಂದು ಪತ್ರ ಇಟ್ಟು ಕಳಿಸುತ್ತಿತ್ತು. ರಿಜಿಸ್ಟರ್ ನೋಡುವವರಿಗೆ ಲಕೋಟೆ ಮಾತ್ರ ಕಾಣುತ್ತದೆ. ಸರಿಯಾದ ಮದ್ದು ಅಂದರೆ ಸ್ಟೇಟಸ್ ಕೋಡನ್ನು ತಿದ್ದುವುದು. ನಾನು ಮಾಡಿದ್ದು ಬೇರೆ: ಬಾಡಿಗಳನ್ನೂ ಲಾಗ್ ಮಾಡಲು ಹೊರಟೆ. ಎಲ್ಲಾ ರಿಕ್ವೆಸ್ಟ್ ಹಾದುಹೋಗುವ ಮಿಡಲ್‌ವೇರ್‌ನಲ್ಲಿ ನಾಲ್ಕು ಸಾಲು ಬರೆದೆ. ಬಾಡಿ ಓದು, ಲಾಗ್‌ಗೆ ಹಾಕು, ಮುಂದೆ ಕಳಿಸು. ಟೆಸ್ಟ್ ಸರ್ವರ್‌ನಲ್ಲಿ ಅವತ್ತು ಒಂದು ಫಾರಂ ಕೂಡ ಸಬ್ಮಿಟ್ ಆಗಲಿಲ್ಲ.

ಕಾರಣ ಸರಳ. ಬಾಡಿ ಎನ್ನುವುದು ಸರ್ವರ್ ಒಳಗೆ ಸಿದ್ಧವಾಗಿ ಕೂತಿರುವ ಕಾಗದ ಅಲ್ಲ. ನೆಟ್‌ವರ್ಕ್‌ನಿಂದ ತುಣುಕು ತುಣುಕಾಗಿ ಹರಿದು ಬರುವ ಸ್ಟ್ರೀಮ್ ಅದು. ಬೀದಿ ನಲ್ಲಿಯಲ್ಲಿ ನೀರು ಬಿಟ್ಟ ಹಾಗೆ. ಬಂದಾಗ ಹಿಡಿದುಕೊಳ್ಳಬೇಕು, ಮೊದಲು ಕೊಡ ಇಟ್ಟವರಿಗೆ ಸಿಗುತ್ತದೆ. ನನ್ನ ಲಾಗ್ ಕೋಡ್ ಮೊದಲು ಕೊಡ ಇಟ್ಟಿತು. ಹಿಂದೆ ನಿಂತಿದ್ದ ನಿಜವಾದ ಕೆಲಸದ ಕೋಡ್‌ಗೆ ಬರಿ ಗಾಳಿ ಬಂತು.

ಹಾಗಾದರೆ ಏನು ಮಾಡಬೇಕು? ಹಿಡಿದ ನೀರನ್ನು ಒಂದು ತೊಟ್ಟಿಯಲ್ಲಿಟ್ಟು, ಅಲ್ಲಿಂದ ಎಲ್ಲರಿಗೂ ಕೊಡಬೇಕು. ಇದನ್ನೇ ಬಫರ್ ಮಾಡುವುದು ಎನ್ನುತ್ತಾರೆ. ವೆಬ್ ಅಪ್ಲಿಕೇಶನ್ ಕಟ್ಟಲು ಬಳಸುವ ಮೈಕ್ರೋಸಾಫ್ಟ್‌ನ ಎಎಸ್‌ಪಿ ಡಾಟ್‌ನೆಟ್ ಕೋರ್‌ನಲ್ಲಿ ಎನೇಬಲ್ ಬಫರಿಂಗ್ ಎಂದು ಒಂದು ಮಾತು ಹೇಳಿದರೆ ಬಾಡಿಯನ್ನು ಮತ್ತೆ ಓದಲು ಬರುತ್ತದೆ. ಆದರೆ ಓದಿದ ಮೇಲೆ, ಎಲ್ಲಿವರೆಗೆ ಓದಿದೆವು ಎಂದು ತೋರಿಸುವ ಮುಳ್ಳನ್ನು ವಾಪಸ್ ಸೊನ್ನೆಗೆ ತರಬೇಕು. ಅದನ್ನು ಮರೆತರೆ ಕಥೆ ಮತ್ತೆ ಅದೇ. ಜಾವಾದಲ್ಲಿ ಇಂಥದೇ ಕೆಲಸಕ್ಕಿರುವ ಸ್ಪ್ರಿಂಗ್‌ನಲ್ಲಿ ಕಂಟೆಂಟ್ ಕ್ಯಾಶಿಂಗ್ ರಿಕ್ವೆಸ್ಟ್ ರ್‍ಯಾಪರ್ ಎಂಬುದಿದೆ. ಅದರ ಗುಣ ಬೇರೆ. ಅದು ತಾನಾಗಿ ನೀರು ಹಿಡಿಯುವುದಿಲ್ಲ. ಮುಂದಿನ ಕೋಡ್ ಓದುವಾಗ ಪಕ್ಕದಲ್ಲಿ ಒಂದು ಪ್ರತಿ ಇಟ್ಟುಕೊಳ್ಳುತ್ತದೆ. ಹಾಗಾಗಿ ಕೆಲಸ ಶುರುವಾಗುವ ಮೊದಲೇ ಲಾಗ್ ಮಾಡಲು ಹೋದರೆ ಖಾಲಿ ಸಿಗುತ್ತದೆ. ಕೆಲಸ ಮುಗಿದ ಮೇಲೆ ನೋಡಿದರೆ ಸಿಗುತ್ತದೆ. ಇದು ಕೆಟ್ಟದ್ದು ಎಂದು ಬೈದುಕೊಂಡವರು ತುಂಬಾ ಜನ. ನನಗೆ ಇದೇ ಇಷ್ಟ, ಯಾಕೆಂದರೆ ಯಾರೂ ಓದದ ಬಾಡಿಗಾಗಿ ಸುಮ್ನೆ ಮೆಮೊರಿ ಹಾಳಾಗುವುದಿಲ್ಲ.

ರೆಸ್ಪಾನ್ಸ್ ಕಡೆ ಇನ್ನೂ ಸಿಕ್ಕು ಜಾಸ್ತಿ. ಅಲ್ಲಿ ನೀರು ಹೊರಗೆ ಹರಿಯುತ್ತದೆ. ಕೋಡ್ ಬರೆದ ತಕ್ಷಣ ಅದು ನೇರವಾಗಿ ಗ್ರಾಹಕರ ಕಡೆ ಹೊರಟುಬಿಡುತ್ತದೆ, ತಿರುಗಿ ಓದಲು ಏನೂ ಉಳಿಯುವುದಿಲ್ಲ. ಅದಕ್ಕೆ ಹೊರಹೋಗುವ ಪೈಪನ್ನು ಕಳಚಿ ನಮ್ಮ ತೊಟ್ಟಿಯನ್ನು ಸಿಕ್ಕಿಸಬೇಕು. ತುಂಬಿದ ಮೇಲೆ ಓದಿ, ಲಾಗ್ ಮಾಡಿ, ಆಮೇಲೆ ತೊಟ್ಟಿಯನ್ನು ನಿಜವಾದ ಪೈಪಿಗೆ ಸುರಿಯಬೇಕು. ಸ್ಪ್ರಿಂಗ್‌ನಲ್ಲಿ ಈ ಕೊನೆಯ ಹೆಜ್ಜೆಗೆ ಕಾಪಿ ಬಾಡಿ ಟು ರೆಸ್ಪಾನ್ಸ್ ಎಂಬ ಕರೆ ಇದೆ. ಅದನ್ನು ಬಿಟ್ಟರೆ ಲಾಗ್‌ನಲ್ಲಿ ಉತ್ತರ ಚೆನ್ನಾಗಿ ಕಾಣುತ್ತದೆ, ಗ್ರಾಹಕರಿಗೆ ಖಾಲಿ ಪುಟ ಹೋಗುತ್ತದೆ. ನಡುವೆ ಎರರ್ ಬಂದರೂ ಈ ಸುರಿಯುವ ಕೆಲಸ ಆಗಲೇಬೇಕು.

ತೊಟ್ಟಿ ಎಂದಮೇಲೆ ಅದಕ್ಕೊಂದು ಅಳತೆ ಇರಬೇಕು. ಯಾರೋ 500 ಎಂಬಿಯ ವಿಡಿಯೊ ಅಪ್‌ಲೋಡ್ ಮಾಡಿದರು ಎನ್ನಿ. ಅದನ್ನೂ ಮೆಮೊರಿಗೆ ತುಂಬಿಸಲು ಹೋದರೆ ಸರ್ವರ್ ಮಲಗುತ್ತದೆ. ಸಾಲುಸಾಲಾಗಿ ಹರಿಯುವ ಉತ್ತರಗಳದ್ದು ಬೇರೆಯೇ ಕಥೆ. ಒಂದೊಂದೇ ಪದವಾಗಿ ಉತ್ತರ ಕೊಡುವ ಚಾಟ್ ಸೇವೆಯ ಮುಂದೆ ತೊಟ್ಟಿ ಇಟ್ಟರೆ ಪದಗಳೆಲ್ಲ ಅಲ್ಲೇ ಕೂತು ಕೊನೆಗೆ ಒಟ್ಟಿಗೆ ಬರುತ್ತವೆ. ಡಾಟ್‌ನೆಟ್ 6ರಿಂದ ಎಎಸ್‌ಪಿ ಡಾಟ್‌ನೆಟ್ ಕೋರ್‌ನಲ್ಲೇ ಎಚ್‌ಟಿಟಿಪಿ ಲಾಗಿಂಗ್ ಬಂದಿದೆ. ಬಾಡಿ ಬರೆಯಲು ಹೇಳಿದರೆ, ಮಿತಿಯನ್ನು ನಾವು ಬದಲಿಸದ ಹೊರತು, ಅದು ಮೊದಲ 32 ಕೆಬಿ ಮಾತ್ರ ಬರೆಯುತ್ತದೆ. ನನ್ನ ಪ್ರಕಾರ ಅದೂ ಜಾಸ್ತಿಯೇ. ನಾಲ್ಕು ಕೆಬಿ ಸಾಕು. ಚಿತ್ರ, ವಿಡಿಯೊ, ಪಿಡಿಎಫ್ ಬಂದರೆ ಅಳತೆ ಬರೆದುಕೊಂಡು ಬಿಟ್ಟುಬಿಡಬೇಕು.

ಅಳತೆ ಹಾಕಿ ಕತ್ತರಿಸುವಾಗ ಕನ್ನಡದವರು ಒಂದು ವಿಷಯ ಗಮನಿಸಬೇಕು. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್. 'ಕನ್ನಡ' ಎಂಬ ಪದ ಕಣ್ಣಿಗೆ ಮೂರು ಅಕ್ಷರ. ಕಂಪ್ಯೂಟರ್‌ಗೆ ಅದು ಐದು ಚಿಹ್ನೆ: ಕ, ನ, ಒತ್ತಿಗೆ ಬೇಕಾದ ಹಲಂತ ಚಿಹ್ನೆ (್), ಇನ್ನೊಂದು ನ, ಡ. ಒಟ್ಟು 15 ಬೈಟ್. ಬರಿ ಕನ್ನಡವೇ ಇರುವ ಬಾಡಿಯನ್ನು ಸರಿಯಾಗಿ 1000 ಬೈಟ್‌ಗೆ ಕತ್ತರಿಸಿದರೆ 333 ಚಿಹ್ನೆ ಆಗಿ ಒಂದು ಬೈಟ್ ಒಂಟಿಯಾಗಿ ಉಳಿಯುತ್ತದೆ. ಅದು ಯಾವ ಅಕ್ಷರವೂ ಅಲ್ಲ. ಲಾಗ್ ಓದುವ ಕೆಲವು ಸಾಧನಗಳು ಅಲ್ಲಿ ಕಪ್ಪು ವಜ್ರದ ಪ್ರಶ್ನೆ ಚಿಹ್ನೆ ತೋರಿಸುತ್ತವೆ. ಕೆಲವು ಆ ಸಾಲನ್ನೇ ಎಸೆಯುತ್ತವೆ. ವಿಳಾಸದಲ್ಲಿ ಕನ್ನಡ ಬಂದರಂತೂ ಪ್ರತಿ ಬೈಟ್‌ಗೂ ಶೇಕಡಾ ಚಿಹ್ನೆ ಮತ್ತು ಎರಡು ಅಂಕೆ-ಅಕ್ಷರ. ಅದೇ 'ಕನ್ನಡ' ಲಾಗ್‌ನಲ್ಲಿ 45 ಜಾಗ ತಿನ್ನುತ್ತದೆ. ಮಾಹಿತಿಯನ್ನು ಜೇಸನ್ ಎಂಬ ಪಠ್ಯ ರೂಪದಲ್ಲಿ ಬರೆಯುವ ಪೈಥಾನ್‌ನ ಲೈಬ್ರರಿಯನ್ನು ಹಾಗೇ ಬಳಸಿದರೆ ಕನ್ನಡವನ್ನೆಲ್ಲ ಸಂಕೇತ ಸಂಖ್ಯೆಗಳಾಗಿ ಬರೆದಿಡುತ್ತದೆ. ಆಮೇಲೆ ಊರಿನ ಹೆಸರನ್ನು ಕನ್ನಡದಲ್ಲಿ ಟೈಪ್ ಮಾಡಿ ಹುಡುಕಿದರೆ ಏನೂ ಸಿಗುವುದಿಲ್ಲ. ಎನ್ಶೂರ್ ಆಸ್ಕಿ ಎಂಬ ಆಯ್ಕೆಯನ್ನು ಆಫ್ ಮಾಡಿದರೆ ಸರಿಹೋಗುತ್ತದೆ.

ಬರೆಯಬಾರದ್ದು

2018ರ ಮೇ ತಿಂಗಳಲ್ಲಿ ಟ್ವಿಟರ್ ತನ್ನ 33 ಕೋಟಿ ಬಳಕೆದಾರರಿಗೆ ಪಾಸ್‌ವರ್ಡ್ ಬದಲಿಸಿಕೊಳ್ಳಿ ಎಂದು ಹೇಳಿತು. ಯಾರೂ ಕನ್ನ ಹಾಕಿರಲಿಲ್ಲ. ಪಾಸ್‌ವರ್ಡನ್ನು ಗುರುತು ಸಿಗದ ಹಾಗೆ ಹ್ಯಾಶ್ ಮಾಡುವ ವ್ಯವಸ್ಥೆ ಅಲ್ಲಿ ಸರಿಯಾಗೇ ಇತ್ತು. ಆದರೆ ಹ್ಯಾಶ್ ಆಗುವ ಮೊದಲೇ ಒಂದು ಒಳಗಿನ ಲಾಗ್‌ಗೆ ಪಾಸ್‌ವರ್ಡ್ ಇದ್ದಂತೆಯೇ ಹೋಗಿ ಕೂತಿತ್ತು. ಬಾಗಿಲಿಗೆ ಬೀಗ ಹಾಕಿ, ಬೀಗದ ಕೈಯ ಚಿತ್ರವನ್ನು ದಿನಚರಿಯಲ್ಲಿ ಬರೆದಿಟ್ಟ ಹಾಗೆ. ಮರುವರ್ಷ ಫೇಸ್‌ಬುಕ್ ಕೂಡ ತನ್ನ ಒಳಗಿನ ವ್ಯವಸ್ಥೆಗಳಲ್ಲಿ ಕೋಟ್ಯಂತರ ಪಾಸ್‌ವರ್ಡ್ ಓದಲು ಬರುವ ರೂಪದಲ್ಲೇ ಇದ್ದವು ಎಂದು ಒಪ್ಪಿಕೊಂಡಿತು. ಅದಕ್ಕಾಗಿ 2024ರ ಸೆಪ್ಟೆಂಬರ್‌ನಲ್ಲಿ ಐರ್ಲೆಂಡಿನ ದತ್ತಾಂಶ ಸಂರಕ್ಷಣಾ ಆಯೋಗ ಮೆಟಾಗೆ 9.1 ಕೋಟಿ ಯೂರೊ ದಂಡ ಹಾಕಿತು.

ಡೇಟಾಬೇಸ್‌ಗೆ ನಾವು ಹತ್ತು ಕಾವಲು ಹಾಕುತ್ತೇವೆ. ಲಾಗ್ ಫೈಲ್ ಮಾತ್ರ ಎಲ್ಲರ ಕೈಗೂ ಹೋಗುತ್ತದೆ. ಡೆವಲಪರ್ ನೋಡುತ್ತಾರೆ, ಸಪೋರ್ಟ್‌ನವರು ನೋಡುತ್ತಾರೆ, "ಈ ಎರರ್ ಏನ್ರೀ" ಎಂದು ವಾಟ್ಸ್‌ಆ್ಯಪ್ ಗುಂಪಿಗೆ ಸ್ಕ್ರೀನ್‌ಶಾಟ್ ಹೋಗುತ್ತದೆ. ಹಾಗಾಗಿ ಪಾಸ್‌ವರ್ಡ್, ಒಟಿಪಿ, ಕಾರ್ಡಿನ ಸಿವಿವಿ ಇವು ಲಾಗ್‌ನ ಹತ್ತಿರವೂ ಸುಳಿಯಬಾರದು. ಕುಕೀ ಮತ್ತು ಆಥರೈಸೇಶನ್ ಹೆಡರ್ ಕೂಡ ಪಾಸ್‌ವರ್ಡ್‌ಗೆ ಸಮಾನವೇ. ಅದು ಸಿಕ್ಕಿದವರು ನಿಮ್ಮ ಹೆಸರಿನಲ್ಲಿ ಒಳಗೆ ಬರಬಹುದು. ಜನ ಮರೆಯುವುದು ವಿಳಾಸದ ಬಾಲವನ್ನು. ಪ್ರಶ್ನೆ ಚಿಹ್ನೆಯ ನಂತರ ಟೋಕನ್ ಎಂಬ ಗುಪ್ತ ಗುರುತು ಅಂಟಿಸಿ ಕಳಿಸುವ ಲಿಂಕ್‌ಗಳು, ಉದಾಹರಣೆಗೆ ಪಾಸ್‌ವರ್ಡ್ ರೀಸೆಟ್ ಲಿಂಕ್, ಸಾಮಾನ್ಯ ಆಕ್ಸೆಸ್ ಲಾಗ್‌ನಲ್ಲೇ ಪೂರ್ತಿ ಬೀಳುತ್ತವೆ. ಬಾಡಿ ಲಾಗ್ ಮಾಡದಿದ್ದರೂ ಬೀಳುತ್ತವೆ.

ಮುಚ್ಚುವುದಕ್ಕೆ ಎರಡು ದಾರಿ. ಬೇಡದ್ದರ ಪಟ್ಟಿ ಮಾಡಿ ಅದನ್ನು ಅಳಿಸುವುದು ಒಂದು. ಬೇಕಾದ್ದರ ಪಟ್ಟಿ ಮಾಡಿ ಅಷ್ಟನ್ನೇ ಬರೆಯುವುದು ಇನ್ನೊಂದು. ನಾನು ಎರಡನೆಯದರ ಕಡೆ. ಮೊದಲನೆಯದರಲ್ಲಿ 'ಪಾಸ್‌ವರ್ಡ್' ಎಂಬ ಹೆಸರನ್ನು ಹುಡುಕಿ ಮುಚ್ಚುತ್ತೀರಿ, ಮುಂದಿನ ವಾರ ಇನ್ನೊಬ್ಬರು ಅದನ್ನೇ 'ಹೊಸ ಪಿನ್' ಎಂದು ಕರೆದು ಕಳಿಸುತ್ತಾರೆ. ಬೇಕಾದ್ದರ ಪಟ್ಟಿ ಇದ್ದರೆ ಹೊಸ ಹೆಸರು ತಾನಾಗೇ ಹೊರಗೆ ಉಳಿಯುತ್ತದೆ. ಆಧಾರ್ ನಂಬರ್ ಬೇಕೇ ಬೇಕೆಂದರೆ ಕೊನೆಯ ನಾಲ್ಕು ಅಂಕೆ ಸಾಕು. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಮಾಹಿತಿಯನ್ನು ಸರಿಯಾಗಿ ಕಾಪಾಡದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ ಇದೆ. ಲಾಗ್‌ನಲ್ಲಿರುವುದೂ ಮಾಹಿತಿಯೇ.

ಹೊರಗಿನವರು ಕಳಿಸಿದ್ದನ್ನು ನಾವು ಬರೆಯುತ್ತಿದ್ದೇವೆ ಎನ್ನುವುದೂ ನೆನಪಿರಬೇಕು. ಹೆಸರಿನ ಜಾಗದಲ್ಲಿ ಹೊಸ ಸಾಲಿನ ಚಿಹ್ನೆ ಸೇರಿಸಿ, ಕೆಳಗೆ ಒಂದು ಸುಳ್ಳು ಲಾಗ್ ಸಾಲು ಬರೆದು ಕಳಿಸುವ ಆಟ ಹಳೆಯದು. ಅದಕ್ಕಿಂತ ಭಯಂಕರವಾದದ್ದು 2021ರ ಡಿಸೆಂಬರ್‌ನಲ್ಲಿ ಬಯಲಾದ ಲಾಗ್‌ಫೋರ್‌ಶೆಲ್. ಜಾವಾದ ಲಾಗ್‌ಫೋರ್‌ಜೆ ಲೈಬ್ರರಿ ತಾನು ಬರೆಯಬೇಕಾದ ಪಠ್ಯದೊಳಗೆ ಒಂದು ವಿಶೇಷ ಗುರುತು ಕಂಡರೆ ಅದರಲ್ಲಿರುವ ವಿಳಾಸಕ್ಕೆ ಹೋಗಿ, ಅಲ್ಲಿಂದ ತಂದ ಕೋಡನ್ನು ಓಡಿಸುತ್ತಿತ್ತು. ಯೂಸರ್ ಏಜೆಂಟ್ ಹೆಡರ್‌ನಲ್ಲಿ ಆ ಗುರುತು ಇಟ್ಟು ಕಳಿಸಿದರೆ ಸಾಕು, ಸರ್ವರ್ ಪರರ ಪಾಲು. ಮೈನ್‌ಕ್ರಾಫ್ಟ್ ಆಟದಲ್ಲಿ ಚಾಟ್‌ಗೆ ಒಂದು ಸಾಲು ಟೈಪ್ ಮಾಡಿಯೇ ಇದನ್ನು ಮಾಡಿ ತೋರಿಸಿದರು. ತೀವ್ರತೆಯ ಅಳತೆಯಲ್ಲಿ ಅದಕ್ಕೆ ಹತ್ತಕ್ಕೆ ಹತ್ತು ಸಿಕ್ಕಿತು.

ಇನ್‌ವರ್ಡ್ ನಂಬರ್

ಟಪಾಲು ಸೆಕ್ಷನ್‌ನ ನಿಜವಾದ ಜಾಣತನ ರಿಜಿಸ್ಟರ್‌ನಲ್ಲಿಲ್ಲ, ನಂಬರ್‌ನಲ್ಲಿದೆ. ಫೈಲು ಎಷ್ಟು ಟೇಬಲ್ ಹತ್ತಿ ಇಳಿದರೂ ಅದೇ ನಂಬರ್. ಈಗ ಒಂದು ಬುಕಿಂಗ್ ಆಗಬೇಕೆಂದರೆ ಆ ರಿಕ್ವೆಸ್ಟ್ ಐದಾರು ಸೇವೆಗಳನ್ನು ದಾಟುತ್ತದೆ. ಎಲ್ಲದಕ್ಕೂ ಬೇರೆ ಬೇರೆ ಲಾಗ್. ಬಾಗಿಲಲ್ಲೇ ಒಂದು ರಿಕ್ವೆಸ್ಟ್ ಐಡಿ ಕೊಟ್ಟು, ಅದನ್ನು ಹೆಡರ್‌ನಲ್ಲಿ ಮುಂದೆ ಮುಂದೆ ದಾಟಿಸಿ, ಪ್ರತಿ ಸಾಲಿನಲ್ಲೂ ಬರೆದರೆ ಹುಡುಕಾಟ ಸುಲಭ. ಇದಕ್ಕೆ ವರ್ಲ್ಡ್ ವೈಡ್ ವೆಬ್ ಕನ್ಸಾರ್ಟಿಯಂ 2020ರಲ್ಲಿ ಟ್ರೇಸ್‌ಪೇರೆಂಟ್ ಎಂಬ ಹೆಡರ್‌ನ ಮಾನದಂಡ ಕೊಟ್ಟಿತು. ಅದರಲ್ಲಿ 32 ಅಂಕೆ-ಅಕ್ಷರಗಳ ಒಂದು ಗುರುತು ಇಡೀ ಪ್ರಯಾಣಕ್ಕೆ, 16ರ ಇನ್ನೊಂದು ಗುರುತು ಒಂದೊಂದು ಹೆಜ್ಜೆಗೆ. ಆ ಐಡಿಯನ್ನು ಎರರ್ ಪುಟದಲ್ಲಿ ಗ್ರಾಹಕರಿಗೂ ತೋರಿಸಿ. ಫೋನ್ ಮಾಡಿದವರು "ನಿನ್ನೆ ಸಂಜೆ ಆರು, ಆರೂವರೆ ಇರಬಹುದು" ಎನ್ನುವ ಬದಲು ನಂಬರ್ ಓದಿ ಹೇಳುತ್ತಾರೆ. ಇದು ಕೈಯಲ್ಲಿದ್ದರೆ ಬಾಡಿ ಲಾಗ್ ಮಾಡುವ ಅಗತ್ಯವೇ ಮುಕ್ಕಾಲು ಪಾಲು ಹೋಗುತ್ತದೆ. ಎಲ್ಲಿ ಕೆಟ್ಟಿತು ಎಂದು ಗೊತ್ತಾದರೆ ಪತ್ರ ಬಿಚ್ಚಿ ನೋಡುವುದು ಎಷ್ಟು ಸಲ ಬೇಕಾಗುತ್ತದೆ? ನನ್ನ ಪದ್ಧತಿ ಹೀಗೆ: ಲಕೋಟೆ ಯಾವಾಗಲೂ, ಪತ್ರ ತಪ್ಪಾದಾಗ ಮಾತ್ರ.

ಸಮಯವನ್ನು ಜಗತ್ತಿಗೆಲ್ಲ ಒಂದೇ ಆದ ಯುಟಿಸಿಯಲ್ಲೇ ಬರೆಯಿರಿ, ಇಲ್ಲವಾದರೆ ಪಕ್ಕದಲ್ಲಿ +05:30 ಎಂದಾದರೂ ಇರಲಿ. ಒಂದು ಸೇವೆ ಯುಟಿಸಿ, ಇನ್ನೊಂದು ಭಾರತದ ಸಮಯ ಬರೆದು ಯಾವುದೂ ಹೇಳದಿದ್ದರೆ ಉತ್ತರ ಪ್ರಶ್ನೆಗಿಂತ ಐದೂವರೆ ಗಂಟೆ ಮೊದಲೇ ಬಂದಂತೆ ಕಾಣುತ್ತದೆ.

ಎಷ್ಟು ದಿನ ಇಡಬೇಕು? ಭಾರತದಲ್ಲಿ ಇದಕ್ಕೆ ಉತ್ತರ ಇದೆ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಲಾಗ್‌ಗಳನ್ನು 180 ದಿನ ಇಡಬೇಕು. ಗಡಿಯಾರಗಳನ್ನು ಎನ್‌ಐಸಿ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯಕ್ಕೆ ಹೊಂದಿಸಬೇಕು. ಸೈಬರ್ ಘಟನೆಗಳನ್ನು ಆರು ಗಂಟೆಯೊಳಗೆ ತಿಳಿಸಬೇಕು. 180 ದಿನದ ಲಾಗ್ ಅಂದರೆ ಜಾಗದ ಲೆಕ್ಕ ಶುರು. ಅದರಲ್ಲಿ ದೊಡ್ಡ ಪಾಲು ಕಸ. ಲೋಡ್ ಬ್ಯಾಲೆನ್ಸರ್ ಹತ್ತು ಸೆಕೆಂಡಿಗೊಮ್ಮೆ "ಬದುಕಿದ್ದೀಯಾ" ಎಂದು ಕೇಳಿದರೆ ದಿನಕ್ಕೆ 8640 ಸಾಲು, ಅದೂ ಒಂದೇ ಸರ್ವರ್‌ಗೆ. ಅವು ಸರಿಯಾಗಿದ್ದಾಗ ಬರೆಯದಿದ್ದರೆ ಯಾರಿಗೂ ನಷ್ಟವಿಲ್ಲ. ದುಡ್ಡಿನ ಲೆಕ್ಕವನ್ನು ಮಾತ್ರ ಲಾಗ್‌ಗೆ ನಂಬಿ ಬಿಡಬೇಡಿ. ವೇಗಕ್ಕಾಗಿ ಲಾಗನ್ನು ಹಿನ್ನೆಲೆಯಲ್ಲಿ ಬರೆಯುತ್ತೇವೆ, ಒತ್ತಡ ಬಂದಾಗ ಕೆಲವು ಸಾಲು ಬಿದ್ದುಹೋಗುತ್ತವೆ. ಹಣ ಹೋದದ್ದು ಬಂದದ್ದು ಡೇಟಾಬೇಸ್‌ನಲ್ಲೇ ಇರಬೇಕು.

ಇಷ್ಟಾದರೂ ಒಂದು ರಾತ್ರಿ ಡಿಸ್ಕ್ ತುಂಬುತ್ತದೆ. ನಿದ್ದೆಗಣ್ಣಿನಲ್ಲಿ ಎದ್ದವರು ದೊಡ್ಡ ಲಾಗ್ ಫೈಲನ್ನು ಡಿಲೀಟ್ ಮಾಡುತ್ತಾರೆ. ಆಮೇಲೆ ನೋಡಿದರೆ ಜಾಗ ಒಂದಿಷ್ಟೂ ವಾಪಸ್ ಬಂದಿರುವುದಿಲ್ಲ. ಲಿನಕ್ಸ್‌ನಲ್ಲಿ ಫೈಲಿನ ಹೆಸರು ಅಳಿಸಿದರೂ ಅದನ್ನು ತೆರೆದಿಟ್ಟುಕೊಂಡ ಪ್ರೋಗ್ರಾಂ ಬಿಡುವವರೆಗೆ ಜಾಗ ಹಾಗೇ ಇರುತ್ತದೆ. ಎಂಜಿನ್‌ಎಕ್ಸ್ ಈಗ ಹೆಸರೇ ಇಲ್ಲದ ಫೈಲಿಗೆ ನಿಷ್ಠೆಯಿಂದ ಬರೆಯುತ್ತಲೇ ಇದೆ. ಅದಕ್ಕೆ ರೀಓಪನ್ ಎಂದು ಸಿಗ್ನಲ್ ಕೊಡಬೇಕು, ಆಗ ಹಳೆಯದನ್ನು ಬಿಟ್ಟು ಹೊಸ ಫೈಲು ತೆರೆಯುತ್ತದೆ. ಮುಂದಿನ ಸಲ ಇದನ್ನು, ಹಳೆಯ ಲಾಗ್‌ಗಳನ್ನು ತಾನಾಗಿ ಸರಿಸಿ ಅಳಿಸುವ ಲಾಗ್‌ರೊಟೇಟ್ ಎಂಬ ಸಾಧನವೇ ಮಾಡುವಂತೆ ಹೊಂದಿಸಿ ಮಲಗಿ.